ಪಾರಿಜಾತ ತುಂಬಿಕೊಂಡ ಡಬ್ಬಿ

ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಹೊತ್ತು ಮುಧೋಳದಿಂದ ಜಮಖಂಡಿ ಕಡೆ ಬೈಕ್ ಹತ್ತಿದವರಿಗೆ ಮುಂದಿನ ಟ್ರ್ಯಾಕ್ಟರ್ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಹಿಂದೆ ಎರಡು ಟ್ರೇಲರ್ ತುಂಬ ಕಬ್ಬು, ಡ್ರೈವರನ ಬೆನ್ನಿಗೆ ಪೆಟ್ಟಿಗೆಯಂಥ ಸ್ಪೀಕರುಗಳು, ಅವುಗಳಿಂದ ಮಲಗಿದ ಊರನ್ನೇ ಎಬ್ಬಿಸುವ ಜಾನಪದ ಹಾಡು. ಆ ಗದ್ದಲವೆಲ್ಲ ಹೊರಡುವುದು ಕಿರುಬೆರಳ ಉಗುರಿನಷ್ಟಿರುವ ಒಂದು ಮೆಮೊರಿ ಕಾರ್ಡಿನಿಂದ. ಬನಹಟ್ಟಿಯ ಓಣಿಗೆ ಹೊಕ್ಕರೆ ಪವರ್‌ಲೂಮುಗಳ ಖಟಕ್ ಖಟಕ್. ಆ ಸದ್ದಿನ ನಡುವೆಯೇ ಕಿವಿಗೆ ವಾಯರ್ ಸಿಕ್ಕಿಸಿಕೊಂಡು ಎಳೆ ಕಟ್ಟುವವರು ಇದ್ದಾರೆ. ಬೀಳಗಿಯ ಹಳ್ಳಿಯ ಕಟ್ಟೆಯ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲೇಯರನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ತತ್ವಪದ ಕೇಳುವ ಮುದುಕರೂ ಇದ್ದಾರೆ.

ಈ ಹಾಡೆಲ್ಲ ಡಬ್ಬಿಯೊಳಗೆ ಹೋಗುವುದು ಹೇಗೆ? ಬಹಳ ವರ್ಷ ಅದಕ್ಕೊಂದೇ ದಾರಿ ಇತ್ತು. ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಗೆ ಹೋಗುವುದು, ಕಾರ್ಡ್ ಕೊಡುವುದು, ಚಹಾ ಕುಡಿದು ಬರುವಷ್ಟರಲ್ಲಿ ಹಾಡು ತುಂಬಿಸಿಕೊಂಡು ಹೊರಡುವುದು. ಈಚೆಗೆ ಅದೇ ಕೌಂಟರಿನಲ್ಲಿ ಬೇರೆ ಮಾತು ಕೇಳಿಬರುತ್ತಿದೆ.

“ಅಣ್ಣಾ, ಇದರಾಗ ಪಾರಿಜಾತ ತುಂಬಿ ಕೊಡ್ರಿ.”

“ಕಂಪ್ಯೂಟರ್ ಬದಲ್ ಮಾಡೇವ್ರೀ. ಈಗ ಲಿನಕ್ಸ್ ಹಾಕಸೇವಿ. ನಿಮ್ಮ ಡಬ್ಬಿ ಇದಕ್ಕ ಹಿಡಿಯಂಗಿಲ್ಲ.”

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11 ಹಾಕೋಣವೆಂದರೆ ಹಳೆಯ ಯಂತ್ರಗಳಿಗೆ ಅದು ಒಗ್ಗುವುದಿಲ್ಲ. ಹೊಸ ಯಂತ್ರಕ್ಕೆ ದುಡ್ಡು ಹಾಕುವ ಬದಲು ಹಳೆಯದಕ್ಕೇ ಲಿನಕ್ಸ್ ಬಳಗದ ಉಬುಂಟು, ಮಿಂಟ್‌ನಂಥ ಮುಕ್ತ ತಂತ್ರಾಂಶ ಹಾಕಿಸಿಕೊಂಡವರು ಫೋಟೊ ಸ್ಟುಡಿಯೊಗಳಲ್ಲೂ ಡಿಟಿಪಿ ಅಂಗಡಿಗಳಲ್ಲೂ ಸಿಗುತ್ತಾರೆ. ಹಾಕಿಸಿಕೊಂಡ ಮರುದಿನವೇ ಬರುವ ಪ್ರಶ್ನೆ ಇದು: ಹಾಡಿನ ಡಬ್ಬಿ ಇದಕ್ಕೆ ಹಿಡಿಯುತ್ತದೋ ಇಲ್ಲವೋ?

ಹಿಡಿಯುತ್ತದೆ. ಹಿಡಿಯದೇ ಹೋದರೆ ತಪ್ಪು ಬಹುಪಾಲು ಲಿನಕ್ಸಿನದಲ್ಲ; ಡಬ್ಬಿ ಮಾಡಿದವರು ಅದಕ್ಕೆ ಇಟ್ಟ ಬಾಗಿಲಿನದು. ಇದನ್ನು ನಾನು ಕಲಿತದ್ದು ರಬಕವಿಯಲ್ಲಿರುವ ಸೋದರಮಾವನ ಏಳು ಕ್ಯಾಸೆಟ್‌ಗಳಿಂದ. ಮಗ್ಗ ಬಿಟ್ಟು ಮನೆಯಲ್ಲಿರುವ ಅವನಿಗೆ ರಾತ್ರಿ ನಿದ್ದೆ ಕಡಿಮೆ. ಬಹಳ ಹಿಂದೆ ಜಾತ್ರೆಯೊಂದರಲ್ಲಿ ಇಡೀ ರಾತ್ರಿ ನಡೆದ ಕೃಷ್ಣ ಪಾರಿಜಾತದ ಆಟವನ್ನು ಅಟ್ಟದ ಪಕ್ಕ ಟೇಪ್ ರೆಕಾರ್ಡರ್ ಇಟ್ಟುಕೊಂಡು ಹಿಡಿದಿಟ್ಟಿದ್ದ. ಅದನ್ನು ಸಣ್ಣ ಪ್ಲೇಯರಿಗೆ ಹಾಕಿಕೊಡು ಎಂದ. ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು ಲಿನಕ್ಸ್ ಒಂದೇ.

ಕಾರ್ಡು ಯಾರ ಕೈಯಲ್ಲಿ

ರಬಕವಿ-ಬನಹಟ್ಟಿಯವರಿಗೆ ಮುಕ್ತ ತಂತ್ರಾಂಶವನ್ನು ವಿವರಿಸುವುದು ಸುಲಭ. ಸೀರೆಯ ಅಂಚಿನ ನಮೂನೆ ಹುಟ್ಟುವುದು ಜಕಾರ್ಡ್‌ನ ತೂತು ಹೊಡೆದ ರಟ್ಟುಗಳಿಂದ. ಯಾವ ತೂತಿಗೆ ಯಾವ ಎಳೆ ಏಳುತ್ತದೆಂದು ಬಲ್ಲವನು ರಟ್ಟು ನೋಡಿಯೇ ನಮೂನೆ ಹೇಳುತ್ತಾನೆ. ಬೇಡವೆನಿಸಿದರೆ ಬೇರೆ ರಟ್ಟು ಹೊಡೆದು ಗೋಪುರದ ಜಾಗದಲ್ಲಿ ನವಿಲು ತರುತ್ತಾನೆ. ಈಗ ರಟ್ಟಿನ ಪೆಟ್ಟಿಗೆಗೇ ಬೀಗ ಜಡಿದು ಮಾರಿದ ಮಗ್ಗವೊಂದನ್ನು ಊಹಿಸಿಕೊಳ್ಳಿ. ನೇಯಬಹುದು, ಆದರೆ ಒಳಗೇನಿದೆ ಎಂದು ನೋಡುವಂತಿಲ್ಲ, ಕೆಟ್ಟರೆ ತಿದ್ದುವಂತಿಲ್ಲ, ಕಂಪನಿ ಮುಚ್ಚಿದರೆ ಮಗ್ಗವೂ ಮೂಲೆಗೆ. ಬೀಗವಿಲ್ಲದ್ದು ಮುಕ್ತ ತಂತ್ರಾಂಶ. ಅದರ ಮೂಲ ಬರಹ ಎಲ್ಲರಿಗೂ ತೆರೆದಿರುತ್ತದೆ. ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು.

ಇದು ನಮಗೆ ಪೂರ್ತಿ ಹೊಸದೂ ಅಲ್ಲ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆಗೂಡಿ ಸರಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಕಳೆದ ದಶಕದಲ್ಲಿ ಕೊಟ್ಟ ತರಬೇತಿ ಉಬುಂಟುವಿನಲ್ಲೇ ನಡೆದಿತ್ತು. ಅದಕ್ಕೂ ಹಿಂದೆ ಉಬುಂಟುವಿನವರು ಕೇಳಿದವರಿಗೆಲ್ಲ ಅಂಚೆಯಲ್ಲಿ ಪುಕ್ಕಟೆ ಸಿಡಿ ಕಳಿಸುತ್ತಿದ್ದರು. 2011ಕ್ಕೆ ಅದನ್ನು ನಿಲ್ಲಿಸಿದರು. ನಾನೂ ಒಂದು ತರಿಸಿಕೊಂಡಿದ್ದೆ. ಅದೇ ಸಿಡಿ ಹಾಕಿ ಎಂಪಿ3 ಹಾಡೊಂದನ್ನು ಒತ್ತಿದಾಗ ಅದು ಹಾಡಲಿಲ್ಲ.

“ಲಿನಕ್ಸಿನ್ಯಾಗ ಹಾಡ ಬರಂಗಿಲ್ಲ” ಎಂಬ ಮಾತು ಹುಟ್ಟಿದ್ದು ಆ ಕಾಲದಲ್ಲಿ, ಮತ್ತು ಆಗ ಅದು ಅರ್ಧ ನಿಜವಾಗಿತ್ತು. ಎಂಪಿ3 ಎಂಬುದು ಸದ್ದನ್ನು ಹಿಂಡಿ ಚಿಕ್ಕದು ಮಾಡುವ ವಿಧಾನ. ಅದರ ಪೇಟೆಂಟುಗಳು ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆ ಮತ್ತಿತರರ ಕೈಯಲ್ಲಿದ್ದವು. ಪುಕ್ಕಟೆ ಹಂಚುವವರು ಪರವಾನಗಿಯ ಹಣ ಎಲ್ಲಿಂದ ತಂದಾರು? ಹಾಗಾಗಿ ಎಂಪಿ3 ಓದುವ ಭಾಗವನ್ನು ಸಿಡಿಯಲ್ಲಿ ಇಡದೆ, ಬೇಕಾದವರು ಆಮೇಲೆ ಹಾಕಿಕೊಳ್ಳಿ ಎಂದು ಬಿಡುತ್ತಿದ್ದರು. ಆ ಪರವಾನಗಿ ವ್ಯವಸ್ಥೆ 2017ರ ಏಪ್ರಿಲ್‌ನಲ್ಲಿ ಕೊನೆಗೊಂಡಿತು. ಈಗಿನ ಲಿನಕ್ಸಿನಲ್ಲಿ ಎಂಪಿ3 ಹಾಡಿಸುವುದು ದೊಡ್ಡ ಮಾತಲ್ಲ. ಗಾಳಿಮಾತು ಮಾತ್ರ ಇನ್ನೂ ಉಳಿದಿದೆ.

ಮೊದಲ ಆರೋಪಿ ವಾಯರು

ಪ್ಲೇಯರನ್ನು ಕಂಪ್ಯೂಟರಿಗೆ ಚುಚ್ಚಿದಿರಿ. ಚಾರ್ಜ್ ಆಗುತ್ತಿದೆ, ಪರದೆಯ ಮೇಲೆ ಮಾತ್ರ ಏನೂ ಮೂಡಲಿಲ್ಲ. ಲಿನಕ್ಸನ್ನು ಬೈಯುವ ಮೊದಲು ವಾಯರನ್ನು ಬದಲಿಸಿ ನೋಡಿ. ಈ ಸಣ್ಣ ಡಬ್ಬಿಗಳು ಬಳಸುವ ಯುಎಸ್‌ಬಿ ವಾಯರಿನೊಳಗೆ ನಾಲ್ಕು ಎಳೆಗಳಿರಬೇಕು: ಎರಡು ಕರೆಂಟಿಗೆ, ಎರಡು ಮಾಹಿತಿಗೆ. ಸಂತೆಯಲ್ಲಿ ಸಿಗುವ ಅಗ್ಗದ ಚಾರ್ಜಿಂಗ್ ವಾಯರುಗಳಲ್ಲಿ ಹಲವಕ್ಕೆ ಎರಡೇ ಎಳೆ. ಕರೆಂಟು ಹರಿಯುತ್ತದೆ, ಮಾತು ಹರಿಯುವುದಿಲ್ಲ. ನಾನು ಅರ್ಧ ದಿನ ಕಳೆದದ್ದು ಇದೇ ಎರಡೆಳೆಯ ವಾಯರಿನ ಜೊತೆ.

ವಾಯರ್ ಸರಿಯಿದ್ದರೆ ಕಂಪ್ಯೂಟರು ಡಬ್ಬಿಯ ಗುರುತು ಕೇಳುತ್ತದೆ. ಪ್ರತಿ ಯುಎಸ್‌ಬಿ ಸಾಧನಕ್ಕೂ ಹುಟ್ಟುವಾಗಲೇ ಒಂದು ಮನೆತನದ ಸಂಖ್ಯೆ, ಒಂದು ಹೆಸರಿನ ಸಂಖ್ಯೆ ಇರುತ್ತದೆ. ಸ್ಯಾನ್‌ಡಿಸ್ಕ್ ಕಂಪನಿಯ ಡಬ್ಬಿಯಾದರೆ ಮನೆತನ 0781. ಟರ್ಮಿನಲ್ ತೆರೆದು ಎಲ್‌ಎಸ್‌ಯುಎಸ್‌ಬಿ ಎಂಬ ಆಜ್ಞೆ ಕೊಟ್ಟರೆ ಈ ಸಂಖ್ಯೆ ಸಾಲಿನಲ್ಲಿ ಕಾಣುತ್ತದೆ. ಕಂಡರೆ ಪರಿಚಯ ಆಯಿತೆಂದು ಅರ್ಥ. ಇನ್ನು ಉಳಿದಿರುವುದು ಬಾಗಿಲಿನ ಪ್ರಶ್ನೆ.

ಮೂರು ಬಗೆಯ ಬಾಗಿಲು

ಎಲ್ಲಕ್ಕಿಂತ ಸರಳವಾದದ್ದು ಪೆನ್‌ಡ್ರೈವಿನಂಥ ಬಾಗಿಲು. ಡಬ್ಬಿ ತನ್ನನ್ನು ಒಂದು ಡಿಸ್ಕ್ ಎಂದು ಹೇಳಿಕೊಳ್ಳುತ್ತದೆ, ಕಂಪ್ಯೂಟರು ಒಳಗಿನ ಕಡತಗಳನ್ನು ತೆರೆದು ತೋರಿಸುತ್ತದೆ, ನೀವು ಹಾಡನ್ನು ಎಳೆದು ಒಳಗೆ ಹಾಕುತ್ತೀರಿ. ನಮ್ಮ ಸಂತೆ-ಜಾತ್ರೆಗಳಲ್ಲಿ ಸಿಗುವ ಹೆಸರಿಲ್ಲದ ಪ್ಲೇಯರುಗಳೂ ಟ್ರ್ಯಾಕ್ಟರಿನ ಸೆಟ್ಟುಗಳೂ ಬಹುತೇಕ ಈ ಜಾತಿಯವು. ಅಗ್ಗದ ಮಾಲು ಇಲ್ಲಿ ದುಬಾರಿ ಮಾಲಿಗಿಂತ ಹೆಚ್ಚು ಉದಾರಿ.

ಎರಡನೆಯದು ಕೌಂಟರ್ ಇರುವ ಬಾಗಿಲು. ಇದಕ್ಕೆ ಎಂಟಿಪಿ ಎನ್ನುತ್ತಾರೆ. ಕ್ಯಾಮೆರಾಗಳಿಗೆಂದು ಇದ್ದ ವಿಧಾನವೊಂದನ್ನು ಮೈಕ್ರೋಸಾಫ್ಟ್ ಹಾಡಿನ ಪ್ಲೇಯರುಗಳಿಗೆ ಹೊಂದುವಂತೆ ಬೆಳೆಸಿತು. ಇಲ್ಲಿ ನೀವು ಉಗ್ರಾಣದೊಳಗೆ ಕಾಲಿಡುವಂತಿಲ್ಲ. ನ್ಯಾಯಬೆಲೆ ಅಂಗಡಿಯ ಹಾಗೆ ಕೌಂಟರಿನಲ್ಲಿ ನಿಂತು ‘ಇದನ್ನು ಒಳಗಿಡಿ, ಅದನ್ನು ಕೊಡಿ’ ಎಂದು ಕೇಳಬೇಕು. ವಿಂಡೋಸಿಗೆ ಆ ಕೌಂಟರಿನ ಭಾಷೆ ಹುಟ್ಟಿನಿಂದ ಗೊತ್ತು. ಲಿನಕ್ಸಿನವರು ಅದನ್ನು ಕಲಿತು ಲಿಬ್‌ಎಂಟಿಪಿ ಎಂಬ ತಂತ್ರಾಂಶ ಬರೆದರು. ಯಾವ ಮನೆತನದ ಯಾವ ಡಬ್ಬಿ ಯಾವ ತಕರಾರು ಮಾಡುತ್ತದೆ ಎಂಬ ಉದ್ದನೆಯ ಪಟ್ಟಿಯೇ ಅದರೊಳಗಿದೆ. ರಿದಮ್‌ಬಾಕ್ಸ್‌ನಂಥ ಹಾಡಿನ ತಂತ್ರಾಂಶಗಳು ಅದನ್ನೇ ನೆಚ್ಚಿಕೊಂಡಿವೆ. ಸ್ಯಾನ್‌ಡಿಸ್ಕಿನ ಹಳೆಯ ಕ್ಲಿಪ್ ಪ್ಲೇಯರುಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಯುಎಸ್‌ಬಿ ಮೋಡನ್ನು ಎಂಎಸ್‌ಸಿ ಎಂದು ಬದಲಿಸಿದರೆ ಕೌಂಟರ್ ಮುಚ್ಚಿ ಮೊದಲ ಬಾಗಿಲು ತೆರೆದುಕೊಳ್ಳುತ್ತದೆ. ಎರಡೂ ಇದ್ದಾಗ ಮೊದಲನೆಯದನ್ನೇ ಹಿಡಿಯಿರಿ.

ನಿಮ್ಮ ಕಿಸೆಯ ಆಂಡ್ರಾಯ್ಡ್ ಫೋನೂ ಕಂಪ್ಯೂಟರಿನ ಜೊತೆ ಇದೇ ಎಂಟಿಪಿಯಲ್ಲಿ ಮಾತಾಡುತ್ತದೆ. ಅದರ ತಿರುಳು ಲಿನಕ್ಸೇ ಆಗಿದ್ದೂ ಲಿನಕ್ಸ್ ಕಂಪ್ಯೂಟರಿನ ಜೊತೆ ಮೈಕ್ರೋಸಾಫ್ಟ್ ಹಾಕಿಕೊಟ್ಟ ಭಾಷೆಯಲ್ಲಿ ಮಾತಾಡುವುದು ತಮಾಷೆಯೇ ಸರಿ.

ಮೂರನೆಯದು ಐಪಾಡಿನ ಬಾಗಿಲು. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಗ ತಾನು ಬಿಟ್ಟ ಐಪಾಡನ್ನು ಊರಿಗೆ ತಂದುಕೊಟ್ಟಿದ್ದರೆ ನಿಮಗಿದು ಗೊತ್ತಿರುತ್ತದೆ. ಚುಚ್ಚಿದರೆ ಡಿಸ್ಕಿನಂತೆ ಕಾಣುತ್ತದೆ. ಹಾಡು ಎಳೆದು ಹಾಕಿದರೆ ಒಳಗೂ ಹೋಗುತ್ತದೆ. ಆದರೆ ಐಪಾಡಿನಲ್ಲಿ ಹುಡುಕಿದರೆ ಹಾಡೇ ಇಲ್ಲ! ಏಕೆಂದರೆ ಅದು ಕಡತಗಳನ್ನು ನೋಡುವುದಿಲ್ಲ, ತನ್ನ ದಫ್ತರವನ್ನು ನೋಡುತ್ತದೆ. ಐಟ್ಯೂನ್ಸ್ ಪ್ರತಿ ಹಾಡಿಗೆ ನಾಲ್ಕಕ್ಷರದ ಅರ್ಥವಿಲ್ಲದ ಹೆಸರಿಟ್ಟು, ಬಚ್ಚಿಟ್ಟ ಫೋಲ್ಡರುಗಳಲ್ಲಿ ಹಂಚಿಟ್ಟು, ನಿಜವಾದ ಹೆಸರನ್ನು ದಫ್ತರದಲ್ಲಿ ಮಾತ್ರ ಬರೆದಿರುತ್ತದೆ. ದಫ್ತರದಲ್ಲಿ ಇಲ್ಲದ ಹಾಡು ಐಪಾಡಿನ ಪಾಲಿಗೆ ಹುಟ್ಟೇ ಇಲ್ಲ.

ಆ ದಫ್ತರದ ಲಿಪಿಯನ್ನು ಒಡೆದು ಓದಿದವರು ಲಿಬ್‌ಜಿಪಾಡ್ ಎಂಬ ತಂತ್ರಾಂಶ ಬರೆದರು. 2007ರಲ್ಲಿ ಆಪಲ್ ಹೊಸ ಐಪಾಡುಗಳ ದಫ್ತರಕ್ಕೆ ಮೊಹರು ಒತ್ತುವ ಪದ್ಧತಿ ತಂದಿತು. ಮೊಹರು ತಪ್ಪಿದರೆ ಐಪಾಡ್ ಖಾಲಿ ಎಂದು ತೋರಿಸುತ್ತಿತ್ತು. ಉತ್ಸಾಹಿಗಳು ಕೆಲವೇ ದಿನಗಳಲ್ಲಿ ಆ ಮೊಹರಿನ ಗುಟ್ಟನ್ನೂ ಬಿಡಿಸಿದರು. 2022ರ ಮೇ ತಿಂಗಳಲ್ಲಿ ಆಪಲ್ ಕೊನೆಯ ಐಪಾಡನ್ನೂ ನಿಲ್ಲಿಸುತ್ತೇನೆಂದು ಸಾರಿತು. ಅಂಗಡಿ ಮುಚ್ಚಿದ ಮೇಲೂ ಗಿರಾಕಿಗಳ ಕೈಯಲ್ಲಿ ನಕಲಿ ಕೀಲಿ ಇದೆ ಎಂಬುದು ಸಣ್ಣ ಸಮಾಧಾನ.

ಏಳು ಗಂಟೆಯ ರಾತ್ರಿ

ಮಾವನ ಡಬ್ಬಿ ಮೊದಲ ಬಾಗಿಲಿನದು. ಹಾಗಾಗಿ ನನ್ನ ನಿಜವಾದ ಕೆಲಸ ಕ್ಯಾಸೆಟ್‌ನಿಂದ ಹಾಡನ್ನು ಇಳಿಸುವುದಾಗಿತ್ತು. ಅರವತ್ತು ನಿಮಿಷದ ಕ್ಯಾಸೆಟ್ ಅರವತ್ತು ನಿಮಿಷವನ್ನೇ ಕೇಳುತ್ತದೆ. ಅವಸರಕ್ಕೆ ಅಲ್ಲಿ ಜಾಗವಿಲ್ಲ. ಟೇಪ್ ರೆಕಾರ್ಡರಿನ ಹೆಡ್ಡನ್ನು ಹತ್ತಿ ಮತ್ತು ಸ್ಪಿರಿಟ್‌ನಿಂದ ಒರೆಸಿದೆ. ಹತ್ತಿ ಕಂದುಬಣ್ಣಕ್ಕೆ ತಿರುಗಿತು. ಸದ್ದು ಹೊರಬರುವ ತೂತಿನಿಂದ ಸಣ್ಣದೊಂದು ಯುಎಸ್‌ಬಿ ಸೌಂಡ್ ಕಾರ್ಡಿನ ಮೂಲಕ ಲ್ಯಾಪ್‌ಟಾಪಿಗೆ ವಾಯರ್. ಒಳಗೆ ಆಡಾಸಿಟಿ ಎಂಬ ತಂತ್ರಾಂಶ. ಅದೂ ಮುಕ್ತವೇ, 2000ದಿಂದ ಇದೆ.

ಲೆಕ್ಕ ಹೀಗೆ. ಸಿಡಿ ಗುಣಮಟ್ಟದಲ್ಲಿ ಹಿಡಿದರೆ ಒಂದು ಗಂಟೆಗೆ ಸುಮಾರು 635 ಎಂಬಿ. ಏಳು ಗಂಟೆಗೆ 4.4 ಜಿಬಿ. ಇದನ್ನು ಒಂದೇ ಕಡತ ಮಾಡಿದರೆ ಡಬ್ಬಿಯ ಕಾರ್ಡು ನುಂಗುವುದಿಲ್ಲ. ಅದರಲ್ಲಿರುವ ಫ್ಯಾಟ್32 ಎಂಬ ಹಳೆಯ ಜೋಡಣೆಯಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ. 128 ಕೆಬಿಪಿಎಸ್‌ನ ಎಂಪಿ3 ಮಾಡಿದರೆ ಗಂಟೆಗೆ 58 ಎಂಬಿಯೂ ಆಗುವುದಿಲ್ಲ, ಇಡೀ ರಾತ್ರಿ 400 ಎಂಬಿಯ ಆಸುಪಾಸಿಗೆ ಇಳಿಯುತ್ತದೆ. 8 ಜಿಬಿಯ ಕಾರ್ಡಿನಲ್ಲಿ ಇಂಥ ಹದಿನೆಂಟು ಹತ್ತೊಂಬತ್ತು ರಾತ್ರಿಗಳನ್ನು ತುಂಬಬಹುದು. ಮೂಲವನ್ನು ಮಾತ್ರ ಫ್ಲ್ಯಾಕ್ ರೂಪದಲ್ಲಿ ಕಂಪ್ಯೂಟರಿನಲ್ಲಿ ಇಟ್ಟುಕೊಂಡೆ. ಫ್ಲ್ಯಾಕ್ ಹಿಂಡಿದರೂ ಏನನ್ನೂ ಚೆಲ್ಲುವುದಿಲ್ಲ. ಎಂಪಿ3 ಚೆಲ್ಲುತ್ತದೆ, ಚೆಲ್ಲಿದ್ದನ್ನು ಮತ್ತೆ ತುಂಬಿಕೊಳ್ಳಲಾಗದು.

ಟೇಪಿನ ಹಿಸ್ ಎನ್ನುವ ಸದ್ದು ತೆಗೆಯುವ ಅನುಕೂಲ ಆಡಾಸಿಟಿಯಲ್ಲಿದೆ. ಯಾರೂ ಹಾಡದ ಎರಡು ಸೆಕೆಂಡನ್ನು ತೋರಿಸಿ ‘ಇದು ಕಸ’ ಎಂದರೆ ಉಳಿದೆಡೆಯೂ ಅದನ್ನು ಗುಡಿಸುತ್ತದೆ. ಮೊದಲ ಸಲ ಜೋರಾಗಿ ಗುಡಿಸಿಬಿಟ್ಟೆ. ಹಾರ್ಮೋನಿಯಂ ನೀರಿನಲ್ಲಿ ಮುಳುಗಿ ನುಡಿದಂತಾಯಿತು, ತಾಳದ ಮೊನೆಯೇ ಹೋಯಿತು. ರದ್ದು ಮಾಡಿ ಹಿಸ್ ಇದ್ದಂತೆಯೇ ಬಿಟ್ಟೆ. ಆ ಹಿಸ್ಸಿನ ಹಿಂದೆ ಮಗುವೊಂದು ಅಳುವುದು, ಯಾರೋ ‘ಕುಂದರ್ರೋ’ ಎಂದು ಗದರುವುದು ಕೇಳುತ್ತದೆ. ಅದೂ ಆ ರಾತ್ರಿಯದೇ.

ಮುನಿಸಿಗೂ ಮೊದಲು ಸಮಾಧಾನ

ಏಳು ಕ್ಯಾಸೆಟ್, ಹದಿನಾಲ್ಕು ಮಗ್ಗುಲು, ಹದಿನಾಲ್ಕು ಕಡತ. ಹೆಸರು 1, 2, 3 ಎಂದು 14ರ ತನಕ. ಒಂದೇ ಆಜ್ಞೆಯಲ್ಲಿ ಎಲ್ಲವನ್ನೂ ಡಬ್ಬಿಗೆ ನಕಲು ಮಾಡಿದೆ. ಪರದೆಯ ಮೇಲೆ ಕೆಲಸ ಮುಗಿದಂತೆ ಕಂಡಿತು, ವಾಯರ್ ಕಿತ್ತೆ. ಮಾವನ ಕೈಗಿಟ್ಟು ಬಂದೆ.

ಮರುದಿನ ಫೋನು. “ಏನ್ ಮಾಡಿಟ್ಟೀಯೋ? ಗಣಪತಿ ಸ್ತುತಿ ಆತು, ಒಮ್ಮಿಗೇ ಕೊರವಂಜಿ ಬಂದ್ಲು!”

ಕೃಷ್ಣ ಪಾರಿಜಾತ ನಮ್ಮ ಭಾಗದ ಸಣ್ಣಾಟ. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಳೆದದ್ದು, ಕೌಜಲಗಿ ನಿಂಗಮ್ಮನಂಥ ಕಲಾವಿದೆಯರು ಊರೂರಿಗೆ ಒಯ್ದದ್ದು. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸುದ್ದಿ ಕೇಳಿ ಸತ್ಯಭಾಮೆ ಮುನಿಯುತ್ತಾಳೆ, ಆ ಮುನಿಸನ್ನು ಇಳಿಸುವಷ್ಟರಲ್ಲಿ ಬೆಳಗಾಗುತ್ತದೆ. ಮಾವನ ಡಬ್ಬಿಯಲ್ಲಿ ಆಟದ ಕೊನೆಯ ಕಡೆಗೆ ಬರಬೇಕಾದ ಕೊರವಂಜಿ ಎರಡನೆಯದಾಗಿಯೇ ಬಂದು, ಸತ್ಯಭಾಮೆ ಮುನಿಯುವ ಮೊದಲೇ ಸಮಾಧಾನವಾಗಿಬಿಟ್ಟಿದ್ದಳು.

ತಪ್ಪು ನನ್ನದು. ಕಂಪ್ಯೂಟರು ಹೆಸರುಗಳನ್ನು ನಿಘಂಟಿನಂತೆ ಅಕ್ಷರದಿಂದ ಅಕ್ಷರಕ್ಕೆ ಹೋಲಿಸಿದಾಗ 1ರ ಪಕ್ಕ ಬರುವುದು 2 ಅಲ್ಲ, 10. ಆಮೇಲೆ 11, 12, 13, 14. ಇವೆಲ್ಲ ಮುಗಿದ ಮೇಲೆ 2. ನಾನು ಕೊಟ್ಟ ಆಜ್ಞೆ ಅದೇ ಸಾಲಿನಲ್ಲಿ ನಕಲು ಮಾಡಿತ್ತು. ಸರಿ, 01, 02 ಎಂದು ಹೆಸರು ತಿದ್ದಿದರಾಯಿತು ಎಂದುಕೊಂಡೆ. ತಿದ್ದಿದೆ. ಕ್ರಮ ಇನ್ನಷ್ಟು ಕೆಟ್ಟಿತು.

ಅಗ್ಗದ ಡಬ್ಬಿಗಳ ಗುಟ್ಟು ಇಲ್ಲಿದೆ. ಅವು ಹೆಸರನ್ನು ನೋಡಿ ಸಾಲು ಹಚ್ಚುವುದಿಲ್ಲ. ಕಾರ್ಡಿನಲ್ಲಿ ಶಾಲೆಯ ಹಾಜರಿ ಪುಸ್ತಕದಂಥ ಒಂದು ಪಟ್ಟಿ ಇರುತ್ತದೆ. ಯಾರು ಮೊದಲು ಸೇರಿದರೋ ಅವರ ಹೆಸರು ಮೇಲೆ. ಮಾಸ್ತರರು ಮೇಲಿಂದ ಕೆಳಗೆ ಕೂಗುತ್ತ ಹೋದಂತೆ ಡಬ್ಬಿ ಹಾಡುತ್ತ ಹೋಗುತ್ತದೆ. ನಡುವೆ ಯಾರದಾದರೂ ಹೆಸರು ಹೊಡೆದುಹಾಕಿದರೆ ಆ ಖಾಲಿ ಸಾಲಿನಲ್ಲಿ ಆಮೇಲೆ ಬಂದವರು ಕೂರುತ್ತಾರೆ. ಹೆಸರು ಬದಲಿಸಿದರೂ ಒಮ್ಮೊಮ್ಮೆ ಹಳೆಯ ಸಾಲು ಬಿಟ್ಟು ಬೇರೆ ಸಾಲಿಗೆ ಹೋಗುತ್ತಾರೆ. ಟ್ರ್ಯಾಕ್ಟರಿನವರ ಸೆಟ್ಟಿನಲ್ಲಿ ನಿನ್ನೆ ಹಾಕಿಸಿದ ಹಾಡು ಎಲ್ಲೋ ನಡುವೆ ತೂರಿಕೊಂಡು ಬರುವುದು ಇದೇ ಕಾರಣಕ್ಕೆ.

ಇದಕ್ಕೆ ಲಿನಕ್ಸಿನಲ್ಲಿ ಫ್ಯಾಟ್‌ಸಾರ್ಟ್ ಎಂಬ ಪುಟ್ಟ ಸಾಧನವಿದೆ. ಹಾಡುಗಳನ್ನು ಮುಟ್ಟುವುದಿಲ್ಲ, ಹಾಜರಿ ಪುಸ್ತಕವನ್ನಷ್ಟೇ ಹೆಸರಿನ ಕ್ರಮದಲ್ಲಿ ಮತ್ತೆ ಬರೆಯುತ್ತದೆ. ಬಳಸುವಾಗ ಕಾರ್ಡು ಚುಚ್ಚಿರಬೇಕು, ಆದರೆ ತೆರೆದಿರಬಾರದು, ಅಂದರೆ ಅನ್‌ಮೌಂಟ್ ಆಗಿರಬೇಕು. ಬರೆಯುತ್ತಿರುವ ಪುಸ್ತಕವನ್ನು ಇಬ್ಬರು ಹಿಡಿದರೆ ಹರಿಯುತ್ತದೆ.

ಹರಿಯುವುದು ಹೇಗೆಂದು ನನಗೆ ಗೊತ್ತು, ಹರಿದಿದ್ದೇನೆ. ಅವಸರದಲ್ಲಿ ವಾಯರ್ ಕಿತ್ತಿದ್ದೆನಲ್ಲ, ಹದಿನಾಲ್ಕರಲ್ಲಿ ಒಂದು ಕಡತ ನಡುವೆಯೇ ನಿಂತುಹೋಗಿತ್ತು. ಲಿನಕ್ಸ್ ನೀವು ಕೊಟ್ಟ ಹಾಡನ್ನು ಮೊದಲು ತನ್ನ ನೆನಪಿನಲ್ಲಿ ಇಟ್ಟುಕೊಂಡು, ಬಿಡುವಾದಂತೆ ಕಾರ್ಡಿಗೆ ಇಳಿಸುತ್ತದೆ. ಪರದೆಯ ಮೇಲೆ ‘ಮುಗಿಯಿತು’ ಎಂದು ಕಂಡದ್ದು ಪತ್ರವನ್ನು ಅಂಚೆ ಡಬ್ಬಿಗೆ ಹಾಕಿದಂತೆ, ಊರಿಗೆ ತಲುಪಿದಂತಲ್ಲ. ಇಜೆಕ್ಟ್ ಒತ್ತಿ, ತೆಗೆಯಬಹುದು ಎಂಬ ಸೂಚನೆ ಬಂದ ಮೇಲೇ ಕೀಳಬೇಕು. ಹೆಸರು ತಿದ್ದಿದ ಮೇಲೆ ಮತ್ತೊಮ್ಮೆ ಚುಚ್ಚಿದಾಗ ಕಾರ್ಡು ‘ಓದಲು ಮಾತ್ರ’ ಎಂದು ಹಟ ಹಿಡಿಯಿತು. ಅದು ಹಟವಲ್ಲ, ಹರಿದ ಪುಸ್ತಕದಲ್ಲಿ ಮತ್ತೆ ಬರೆದು ಇನ್ನಷ್ಟು ಕೆಡಿಸಬೇಡವೆಂಬ ಎಚ್ಚರ. ಡಾಸ್‌ಎಫ್‌ಎಸ್‌ಟೂಲ್ಸ್ ಎಂಬುದರಿಂದ ರಿಪೇರಿ ಮಾಡಿಸಿ, ಕೆಟ್ಟ ಕಡತ ಅಳಿಸಿ, ಮತ್ತೆ ಹಾಕಿ, ಸಾಲು ಹಚ್ಚಿಸಿದೆ.

ಒಳಗಿನ ಯಜಮಾನನನ್ನೇ ಬದಲಿಸಿದವರು

ಇಷ್ಟು ಹೊತ್ತು ನಾವು ಬಾಗಿಲ ಹೊರಗೆ ನಿಂತು ಮಾತಾಡಿದೆವು. ಡಬ್ಬಿಯೊಳಗಿನ ತಂತ್ರಾಂಶವನ್ನೇ ಕಿತ್ತು ಬೇರೆ ಕೂರಿಸಿದರೆ? ಅದನ್ನೂ ಮಾಡಿದವರಿದ್ದಾರೆ. 2001ರ ಕೊನೆಗೆ ಸ್ವೀಡನ್ನಿನ ಕೆಲವು ಗೆಳೆಯರಿಗೆ ತಾವು ಕೊಂಡ ಆರ್ಕೋಸ್ ಕಂಪನಿಯ ಪ್ಲೇಯರಿನ ಒಳಗಿನ ತಂತ್ರಾಂಶ ಬೇಸರ ತರಿಸಿತು. ಕಂಪನಿಯ ಕಾಗದಪತ್ರವಿಲ್ಲದೆ, ಒಳಗಿನ ಚಿಪ್ಪುಗಳನ್ನು ತಾವೇ ಕೆದಕಿ ತಿಳಿದು ಅವರು ಹೊಸದನ್ನೇ ಬರೆಯತೊಡಗಿದರು. ಅದರ ಹೆಸರು ರಾಕ್‌ಬಾಕ್ಸ್. ಆಮೇಲೆ ಐರಿವರ್, ಹಲವು ಐಪಾಡುಗಳು, ಸ್ಯಾನ್‌ಡಿಸ್ಕಿನ ಕ್ಲಿಪ್ ಮತ್ತು ಫ್ಯೂಜ್‌ಗಳಿಗೂ ಅದು ಹಬ್ಬಿತು. ಮೊದಲು ಮಾಡಿದ ಆರ್ಕೋಸ್ ಡಬ್ಬಿಗಳು ಎಂದೋ ಮಾರುಕಟ್ಟೆಯಿಂದ ಮಾಯವಾದವು, ರಾಕ್‌ಬಾಕ್ಸಿನ 4.0 ಆವೃತ್ತಿ ಬಂದದ್ದು 2025ರಲ್ಲಿ.

ರಾಕ್‌ಬಾಕ್ಸ್ ಹಾಕಿದ ಐಪಾಡಿಗೆ ದಫ್ತರದ ಹಂಗಿಲ್ಲ. ಹಾಡನ್ನು ಎಳೆದು ಹಾಕಿದರೆ ಸಾಕು, ಫೋಲ್ಡರಿನಿಂದ ನೇರ ಹಾಡುತ್ತದೆ. ಎಂಪಿ3 ಒಂದೇ ಅಲ್ಲ, ಫ್ಲ್ಯಾಕ್, ಆಗ್ ವೋರ್ಬಿಸ್ ಎಲ್ಲವನ್ನೂ ಜೀರ್ಣಿಸಿಕೊಳ್ಳುತ್ತದೆ. ಒಂದು ಕಡತ ಮುಗಿದು ಇನ್ನೊಂದು ಹತ್ತುವಾಗ ನಡುವೆ ತಡೆಯುವುದಿಲ್ಲ. ಕೇಳುವಲ್ಲಿ ನಿಲ್ಲಿಸಿ ಮರುದಿನ ಅಲ್ಲಿಂದಲೇ ಹಿಡಿಯಬಹುದು. ಯಾರೋ ಪುಣ್ಯಾತ್ಮರು ಅದರಲ್ಲಿ ಡೂಮ್ ಆಟವನ್ನೂ ತುರುಕಿದ್ದಾರೆ.

ಹಾಕುವುದು ಕಷ್ಟವಲ್ಲ. ರಾಕ್‌ಬಾಕ್ಸ್ ಯುಟಿಲಿಟಿ ಲಿನಕ್ಸಿನಲ್ಲೇ ಓಡುತ್ತದೆ. ಡಬ್ಬಿಯನ್ನು ಗುರುತು ಹಿಡಿದು ಬೇಕಾದ್ದನ್ನು ಇಳಿಸಿಕೊಂಡು ಕೂರಿಸುತ್ತದೆ. ಐಪಾಡಾದರೆ ಅದು ವಿಂಡೋಸ್ ಬಗೆಯ ಫ್ಯಾಟ್32ರಲ್ಲಿ ಇರಬೇಕು, ಮ್ಯಾಕ್ ಬಗೆಯಲ್ಲಿದ್ದರೆ ಆಗದು. ಚಾರ್ಜು ತುಂಬಿಸಿಕೊಂಡೇ ಕೂರಿ. ಆದರೆ ಸಂತೆಯ ಹೆಸರಿಲ್ಲದ ಡಬ್ಬಿಗೆ ರಾಕ್‌ಬಾಕ್ಸ್ ಹಾಕುವ ಆಸೆ ಬೇಡ. ಬೆಂಬಲದ ಪಟ್ಟಿಯಲ್ಲಿರುವ ಮಾದರಿಗಷ್ಟೇ ಹಾಕಿ.

ನನಗೆ ಇವೆಲ್ಲಕ್ಕಿಂತ ದೊಡ್ಡದೆನಿಸಿದ್ದು ಬೇರೆ. ರಾಕ್‌ಬಾಕ್ಸಿನ ಮೆನುಗಳು ಮಾತಾಡುತ್ತವೆ. ಗುಂಡಿ ಒತ್ತಿದಂತೆ ನೀವು ಎಲ್ಲಿದ್ದೀರಿ ಎಂದು ಕಿವಿಯಲ್ಲಿ ಹೇಳುತ್ತವೆ. ಕಣ್ಣು ಕಾಣದವರಿಗೆಂದು ಮಾಡಿದ ಅನುಕೂಲ ಅದು. ಅಕ್ಷರ ಬಾರದ ಅಜ್ಜಿಗೂ ಅದೇ ಅನುಕೂಲವಲ್ಲವೇ? ಇಸ್ಪೀಕ್ ಎಂಬ ಮುಕ್ತ ತಂತ್ರಾಂಶ ಕನ್ನಡವನ್ನು ಗೊಗ್ಗರು ಗಂಟಲಲ್ಲಾದರೂ ಓದುತ್ತದೆ. ಮೆನುವಿನ ಪದಗಳನ್ನು ಯಾರಾದರೂ ಕುಳಿತು ಕನ್ನಡಕ್ಕೆ ತಂದರೆ ಮಾತಾಡಿಸುವ ದಾರಿ ಇದೆ. ಬೀಗ ಹಾಕಿದ ಡಬ್ಬಿಯಲ್ಲಿ ಆ ‘ತಂದರೆ’ ಎಂಬ ಮಾತಿಗೇ ಜಾಗವಿಲ್ಲ.

ಐದು ಸಂಕೇತದ ಕೃಷ್ಣ

ಅಕ್ಷರದ ಮಾತು ಬಂದಾಗ ಒಂದು ಹೊಟ್ಟೆಯುರಿ. ಒಂದು ಕಡತಕ್ಕೆ ಅಂಕಿಯ ಬದಲು ‘ಕೃಷ್ಣ’ ಎಂದು ಹೆಸರಿಟ್ಟೆ. ಲಿನಕ್ಸಿನಲ್ಲಿ ಚೆನ್ನಾಗಿಯೇ ಕಂಡಿತು. ಡಬ್ಬಿಯ ಪರದೆಯಲ್ಲಿ ಖಾಲಿ ಚೌಕಗಳು.

ನಮ್ಮ ಕಣ್ಣಿಗೆ ಎರಡಕ್ಷರದ ಕೃಷ್ಣ ಯೂನಿಕೋಡಿನಲ್ಲಿ ಐದು ಸಂಕೇತ: ಕ, ಋಕಾರದ ಸುಳಿ, ಷ, ವಿರಾಮ, ಣ. ಯುಟಿಎಫ್-8ರಲ್ಲಿ ಸಂಕೇತಕ್ಕೆ ಮೂರರಂತೆ ಹದಿನೈದು ಬೈಟ್. ಅವನ್ನು ಜೋಡಿಸಿ, ಸುಳಿಯನ್ನು ಪಕ್ಕಕ್ಕೆ, ಣಕಾರವನ್ನು ಒತ್ತಾಗಿ ಕೆಳಕ್ಕೆ ಕೂರಿಸುವುದು ಒಂದು ಪ್ರತ್ಯೇಕ ಕುಸುರಿ ಕೆಲಸ. ಕಂಪ್ಯೂಟರು, ಫೋನುಗಳಿಗೆ ಅದು ಗೊತ್ತು. ನೂರಿನ್ನೂರು ರೂಪಾಯಿಯ ಚಿಪ್ಪಿಗೆ ಅಕ್ಷರಗಳ ಚಿತ್ರವೇ ಇರುವುದಿಲ್ಲ, ಇನ್ನು ಜೋಡಿಸುವುದೆಲ್ಲಿ. ಹಳೆಯ ಡಿಟಿಪಿ ಅಂಗಡಿಯವರು ಹೆಸರಿಟ್ಟ ಕಡತಗಳದು ಇನ್ನೊಂದು ಗೋಳು. ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಟೈಪಿಸಿದ್ದು ಈಗ ತೆರೆದರೆ ತಲೆಯ ಮೇಲೆ ಟೊಪ್ಪಿಗೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆಯಾಗಿ ಕಾಣುತ್ತದೆ.

ಸದ್ಯಕ್ಕೆ ಉಪಾಯ ಇಷ್ಟೇ: ಕಂಪ್ಯೂಟರಿನ ಮೂಲ ಪ್ರತಿಗೆ ಕನ್ನಡದ ಹೆಸರು, ಡಬ್ಬಿಯ ಪ್ರತಿಗೆ ಬರೀ ಅಂಕಿ. ಇಷ್ಟವಿಲ್ಲದೆ ಕೊಡುತ್ತಿರುವ ಸಲಹೆ.

ಬೀಳಗಿಯ ದನಿ, ಯಾರ ಹಕ್ಕು

ಡಬ್ಬಿಯಲ್ಲಿ ಇನ್ನೂ ಜಾಗವಿತ್ತು. ಮಾವ ಅಮೀರಬಾಯಿಯ ಹಾಡು ಹಾಕು ಎಂದ. ಅಮೀರ್‌ಬಾಯಿ ಕರ್ನಾಟಕಿ ಬೀಳಗಿಯಲ್ಲಿ ಹುಟ್ಟಿದವರು. ಅಕ್ಕ ಗೋಹರಬಾಯಿಯದು ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ಬೆಸೆದುಕೊಂಡ ಹೆಸರು. ತಂಗಿ ಮುಂಬಯಿಗೆ ಹೋಗಿ 1943ರ ‘ಕಿಸ್ಮತ್’ ಚಿತ್ರದಿಂದ ದೇಶಕ್ಕೆಲ್ಲ ಪರಿಚಿತರಾದರು. ಅವರ ಬಗ್ಗೆ ರಹಮತ್ ತರೀಕೆರೆ ಕನ್ನಡದಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. ಆ ದನಿ ಮೊದಲು ಊರಿಗೆ ಬಂದದ್ದು ಮಗ್ಗುಲಿಗೆ ಮೂರು ನಿಮಿಷ ಹಾಡುವ ಅರಗಿನ ತಟ್ಟೆಯಲ್ಲಿ. ತಟ್ಟೆಯಿಂದ ಕ್ಯಾಸೆಟ್, ಕ್ಯಾಸೆಟ್‌ನಿಂದ ಕಾರ್ಡು.

ಹಾಕಬಹುದೋ? ಭಾರತದ ಕಾನೂನಿನಂತೆ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದ ಮೊದಲಿನಿಂದ 60 ವರ್ಷ. 1943ರ ಮುದ್ರಣದ ಹಕ್ಕು 2003ರ ಕೊನೆಗೆ ತೀರಿತು. ಆದರೆ ಹಾಡಿನ ಸಾಹಿತ್ಯ, ಸಂಗೀತಗಳ ಹಕ್ಕು ಬೇರೆ. ಅದು ಬರೆದವರು ತೀರಿದ ಮೇಲೂ 60 ವರ್ಷ ಉಳಿಯುತ್ತದೆ. ಮನೆಯಲ್ಲಿ ಕೇಳುವುದು ಒಂದು, ತುಂಬಿಸಿ ಮಾರುವುದು ಇನ್ನೊಂದು. ನಾವೆಲ್ಲ ಚಹಾ ಕುಡಿಯುತ್ತ ಕಾರ್ಡು ತುಂಬಿಸಿಕೊಂಡ ಆ ದಿನಗಳಲ್ಲಿ ಹಾಡಿದವರ ಕೈಗೆ ಏನೂ ಸೇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಈಗ ಟ್ರ್ಯಾಕ್ಟರುಗಳಲ್ಲಿ ಕೂಗುವ ಜಾನಪದ ಹಾಡುಗಳನ್ನು ಕಟ್ಟುತ್ತಿರುವವರು ನಮ್ಮ ಪಕ್ಕದ ಊರಿನ ಹುಡುಗರೇ. ತಂತ್ರಾಂಶ ಮುಕ್ತವಾದ ಮಾತ್ರಕ್ಕೆ ಅವರ ಹಾಡು ಪುಕ್ಕಟೆಯಾಗುವುದಿಲ್ಲ.

ಏಳನೆಯ ಮಗ್ಗುಲು

ಸಾಲು ಹಚ್ಚಿದ ಡಬ್ಬಿಯನ್ನು ಒಯ್ದು ಕೊಟ್ಟ ರಾತ್ರಿ ಅಲ್ಲೇ ಉಳಿದೆ. ಪಕ್ಕದ ಮನೆಯ ಮಗ್ಗ ನಿಂತಿತ್ತು. ಮಾವ ದಿಂಬಿನ ಪಕ್ಕ ಡಬ್ಬಿ ಇಟ್ಟುಕೊಂಡು, ವಾಯರ್ ಬೇಡವೆಂದು ಸಣ್ಣ ಸ್ಪೀಕರಿನಲ್ಲೇ ಹಚ್ಚಿದ. ಗಣಪತಿ ಬಂದ, ನಾರದ ಬಂದ, ಹೂವು ಬಂತು. ಮುನಿಸು ತನ್ನ ಸರದಿಯಲ್ಲಿ ಬಂತು. ಏಳನೆಯ ಕಡತ ಮುಗಿಯುವಾಗ ಸತ್ಯಭಾಮೆಯ ಮಾತು ಅರ್ಧಕ್ಕೇ ಕತ್ತರಿಸಿತು. ಟೇಪ್ ರೆಕಾರ್ಡರಿನ ಗುಂಡಿ ಬಿದ್ದ ಟಕ್ ಸದ್ದು.

“ಇಲ್ಲಿ ಕ್ಯಾಸೆಟ್ ಹೊಳ್ಳಿ ಹಾಕಿದ್ನಿ” ಎಂದ. “ನಾಕ್ ಮಾತ್ ಹೋಗ್ಯಾವ.”

ಎಂಟನೆಯದು ಶುರುವಾಗುವ ಮೊದಲೇ ಗುಂಡಿ ಒತ್ತಿ ನಿಲ್ಲಿಸಿ, ಹೋದ ನಾಲ್ಕು ಮಾತನ್ನು ತಾನೇ ಹೇಳತೊಡಗಿದ. ನಾನು ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಹಾಸಿಗೆಯ ಮೇಲಿಟ್ಟೆ.